ಶಿಲುಬೆಗೆ ಇನ್ನೊಂದು ಹೆಗಲು

1990ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಬೈಬಲ್ ಕಾಲೇಜೊಂದರ ಅಧ್ಯಕ್ಷರು ಹುದ್ದೆ ಬಿಟ್ಟರು. ಹೆಸರು ರಾಬರ್ಟ್‌ಸನ್ ಮೆಕ್‌ವಿಲ್ಕಿನ್. ಜಪಾನಿನಲ್ಲಿ ಹನ್ನೆರಡು ವರ್ಷ ಮಿಷನರಿಯಾಗಿ ದುಡಿದು ಬಂದು, 1968ರಿಂದ ಆ ಸಂಸ್ಥೆಯನ್ನು ನಡೆಸುತ್ತಿದ್ದವರು. ಅವರ ಹೆಂಡತಿ ಮ್ಯೂರಿಯಲ್‌ಗೆ ಆಲ್‌ಝೈಮರ್ಸ್ ಬಂದಿತ್ತು. ಗಂಡ ಕಣ್ಣಿಗೆ ಬೀಳದಿದ್ದರೆ ಆಕೆಗೆ ದಿಗಿಲು. ಮನೆಯಲ್ಲಿ ಜೊತೆಗಿರಲು ಒಬ್ಬರನ್ನು ಗೊತ್ತುಮಾಡಿದ್ದರೂ ಆಕೆ ಗಂಡನನ್ನು ಹುಡುಕಿಕೊಂಡು ಕಾಲೇಜಿಗೆ ನಡೆದುಬಿಡುತ್ತಿದ್ದರು. ಹೋಗಿ ಬರಲು ಒಂದು ಮೈಲಿ. ಕೆಲವು ದಿನ ಹತ್ತು ಸಲ. ರಾತ್ರಿ ಬಟ್ಟೆ ಬದಲಿಸುವಾಗ ಆಕೆಯ ಪಾದಗಳಲ್ಲಿ ರಕ್ತ ಕಂಡದ್ದುಂಟು ಎಂದು ಮೆಕ್‌ವಿಲ್ಕಿನ್ ಬರೆದಿದ್ದಾರೆ. ಆಕೆಯನ್ನು ಯಾವುದಾದರೂ ಆರೈಕೆ ಸಂಸ್ಥೆಗೆ ಸೇರಿಸಿ, ನಿಮ್ಮ ಸೇವೆ ಮುಂದುವರಿಸಿ ಎಂದು ಆಪ್ತರೇ ಹೇಳಿದರು. ಅವರು ಒಪ್ಪಲಿಲ್ಲ. ಮದುವೆಯ ದಿನ ಕೊಟ್ಟ ಮಾತನ್ನು ನೆನೆದು ಮನೆಗೆ ಹೋದರು. ಮ್ಯೂರಿಯಲ್ ತೀರಿಕೊಂಡದ್ದು 2003ರಲ್ಲಿ.

ಆಪ್ತರ ಸಲಹೆಯಲ್ಲಿ ದುರುದ್ದೇಶ ಇರಲಿಲ್ಲ. ಪ್ರಸಂಗ, ಬೋಧನೆ, ಆಡಳಿತ ದೇವರ ಕೆಲಸ; ಮೈ ತೊಳೆಸುವುದು, ತುತ್ತು ಉಣಿಸುವುದು, ಒದ್ದೆ ಹಾಸಿಗೆ ಬದಲಿಸುವುದು ಮನೆಗೆಲಸ ಎಂಬ ವಿಂಗಡಣೆ ಕ್ರೈಸ್ತರ ಮನಸ್ಸಿನಲ್ಲಿ ಹಿಂದಿನಿಂದಲೂ ಆಳವಾಗಿ ಕೂತಿದೆ. ಕರ್ನಾಟಕದ ಚರ್ಚುಗಳಲ್ಲೂ ಇದನ್ನು ಕಾಣಬಹುದು. ಗಾಯನ ಮಂಡಳಿಯಲ್ಲಿ ಹಾಡುವವರು, ಮಕ್ಕಳಿಗೆ ಧರ್ಮೋಪದೇಶ ಹೇಳುವವರು, ಹಬ್ಬಕ್ಕೆ ಪೆಂಡಾಲ್ ಹಾಕಿಸುವವರು ಸೇವೆಯಲ್ಲಿ ಇರುವವರು ಎನಿಸಿಕೊಳ್ಳುತ್ತಾರೆ. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಬರಲಾಗದೆ ವರ್ಷಗಟ್ಟಲೆ ಭಾನುವಾರದ ಪೂಜೆ ತಪ್ಪಿಸಿಕೊಂಡ ಸೊಸೆಯನ್ನು ‘ಈಚೆಗೆ ಚರ್ಚಿಗೆ ಬರುವುದನ್ನೇ ಬಿಟ್ಟಳು’ ಎನ್ನುತ್ತಾರೆ. ಈ ಮಾತು ಅನ್ಯಾಯದ್ದು. ಅದಕ್ಕಿಂತ ಹೆಚ್ಚಾಗಿ, ಇದು ಕ್ರಿಸ್ತನ ಬೋಧನೆಗೇ ಹೊಂದದ್ದು. ಮಾರ್ಕನ ಸುವಾರ್ತೆಯ ಏಳನೇ ಅಧ್ಯಾಯದಲ್ಲಿ ಯೇಸು ಕಟುವಾಗಿ ಬೈಯುವುದು ಯಾರನ್ನು? ತಮ್ಮಲ್ಲಿರುವುದನ್ನು ಕೊರ್ಬಾನ್ ಎಂದು ದೇವರಿಗೆ ಮುಡಿಪಿಟ್ಟು, ಅದೇ ನೆಪದಲ್ಲಿ ತಂದೆತಾಯಿಗೆ ಕೈಯೆತ್ತಿ ಏನೂ ಕೊಡದವರನ್ನು. ದೇವರ ಹೆಸರು ಹೇಳಿ ಹೆತ್ತವರಿಂದ ತಪ್ಪಿಸಿಕೊಳ್ಳುವ ದಾರಿಯನ್ನು ಅವನು ಅಂದೇ ಮುಚ್ಚಿದ್ದಾನೆ.

ಆ ಸೊಸೆಯ ದಿನ ಹೇಗಿರುತ್ತದೆ? ಪಾರ್ಶ್ವವಾಯು ಬಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ತಪ್ಪಿದರೆ ಸೊಂಟ, ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣೇಳುತ್ತದೆ. ಮೂಗಿಗೆ ನಳಿಕೆ ಹಾಕಿದ್ದರೆ ಗಂಜಿಯನ್ನು ನುಣ್ಣಗೆ ಸೋಸಿ, ತಲೆ ಎತ್ತರಿಸಿ, ಸ್ವಲ್ಪಸ್ವಲ್ಪವಾಗಿ ಬಿಡಬೇಕು. ಮೂತ್ರದ ಚೀಲ ತುಂಬಿದೆಯೇ, ಡೈಪರ್ ಒದ್ದೆಯಾಗಿದೆಯೇ, ಬೆಳಗಿನ ಮಾತ್ರೆ ನುಂಗಿದರೋ ಕೆನ್ನೆಯೊಳಗೆ ಇಟ್ಟುಕೊಂಡರೋ ನೋಡಬೇಕು. ಮರೆವಿನ ಕಾಯಿಲೆಯಾದರೆ ಕಷ್ಟ ಬೇರೆ ಬಗೆಯದು: ನಡುರಾತ್ರಿ ಎದ್ದು ‘ಮನೆಗೆ ಹೋಗೋಣ ಬಾ’ ಎನ್ನುವವರಿಗೆ ಇದೇ ನಿಮ್ಮ ಮನೆ ಎಂದು ಎಷ್ಟನೆಯ ಸಲವೋ ಹೇಳಬೇಕು, ಸಿಡುಕದೆ ಹೇಳಬೇಕು.

ಆರನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟರು ಮಠವಾಸಿಗಳಿಗಾಗಿ ಬರೆದ ನಿಯಮಾವಳಿ ಪಶ್ಚಿಮದ ಸನ್ಯಾಸ ಜೀವನಕ್ಕೆಲ್ಲ ಅಡಿಗಲ್ಲು. ಹಗಲು ಹಲವು ಹೊತ್ತು, ಮತ್ತೆ ರಾತ್ರಿ ನಿದ್ದೆಯಿಂದೆದ್ದು ಪ್ರಾರ್ಥಿಸಬೇಕೆಂದು ಅದು ವಿಧಿಸುತ್ತದೆ. ಅದೇ ನಿಯಮಾವಳಿಯ 36ನೇ ಅಧ್ಯಾಯ ರೋಗಿಗಳ ಕುರಿತದ್ದು. ಮಿಕ್ಕೆಲ್ಲಕ್ಕಿಂತ ಮೊದಲು ರೋಗಿಗಳ ಆರೈಕೆ, ಅವರಿಗೆ ಮಾಡಿದ್ದು ಕ್ರಿಸ್ತನಿಗೇ ಮಾಡಿದ್ದು ಎಂಬುದು ಅದರ ಸಾರ. ಉಗ್ರಾಣದ ಪಾತ್ರೆ ಪಗಡಗಳನ್ನು ಪೂಜಾಪೀಠದ ಪಾತ್ರೆಗಳಂತೆ ಕಾಣಬೇಕೆಂದೂ ಬೆನೆಡಿಕ್ಟರು ಹೇಳುತ್ತಾರೆ. ಹಾಗಿದ್ದರೆ ಬೆಡ್‌ಪ್ಯಾನ್ ಯಾವ ಲೆಕ್ಕದಲ್ಲಿ ಕಡಿಮೆ? ಮಠದಲ್ಲಿ ಗಂಟೆ ಬಾರಿಸಿ ಎಬ್ಬಿಸುತ್ತಾರೆ, ಈ ಮನೆಯಲ್ಲಿ ಮೊಬೈಲಿನ ಅಲಾರಂ ಎಬ್ಬಿಸುತ್ತದೆ. ರಾತ್ರಿ ಎರಡಕ್ಕೆದ್ದು ಅತ್ತೆಯ ಮಗ್ಗುಲು ಬದಲಿಸಿ, ಬೆನ್ನಿಗೆ ಪೌಡರ್ ಹಚ್ಚಿ, ಹೊದಿಕೆ ಸರಿಪಡಿಸಿದವಳು ಆ ಹೊತ್ತಿನ ಪ್ರಾರ್ಥನೆ ಮುಗಿಸಿದ್ದಾಳೆ ಎನ್ನಲು ಹಿಂಜರಿಯಬೇಕಾಗಿಲ್ಲ.

ಹಾಗೆಂದು ಕೆಲಸ ತನ್ನಷ್ಟಕ್ಕೆ ಪ್ರಾರ್ಥನೆಯಾಗುವುದಿಲ್ಲ. ಕೈ ಒರೆಸುತ್ತಿರುವಾಗ ಮನಸ್ಸು ಕುದಿಯುತ್ತಿರಬಹುದು. ಹೆಚ್ಚಿನವರ ಅನುಭವ ಅದೇ. ಇಲ್ಲಿ ಲಿಸ್ಯೂವಿನ ಸಂತ ತೆರೇಸಾ ನೆರವಿಗೆ ಬರುತ್ತಾಳೆ. ನಮ್ಮೂರುಗಳ ಕಥೋಲಿಕ ಚರ್ಚುಗಳಲ್ಲಿ ಗುಲಾಬಿ ಹಿಡಿದು ನಿಂತ ಪ್ರತಿಮೆಯಾಗಿ ಎಲ್ಲರಿಗೂ ಗೊತ್ತಿರುವ ಈ ಫ್ರೆಂಚ್ ಕನ್ಯಾಸ್ತ್ರೀ 24ನೇ ವಯಸ್ಸಿನಲ್ಲಿ, 1897ರಲ್ಲಿ, ಕ್ಷಯದಿಂದ ತೀರಿಕೊಂಡಳು. ಅವಳ ಮಠದಲ್ಲಿ ಸಿಸ್ಟರ್ ಸೇಂಟ್ ಪಿಯರ್ ಎಂಬ ವೃದ್ಧೆ ಇದ್ದರು. ಕೈಕಾಲು ಸ್ವಾಧೀನದಲ್ಲಿಲ್ಲ, ನಾಲಿಗೆ ಹರಿತ. ದಿನಾ ಸಂಜೆ ಅವರನ್ನು ಪ್ರಾರ್ಥನಾಲಯದಿಂದ ಊಟದ ಕೋಣೆಗೆ ನಡೆಸಿಕೊಂಡು ಹೋಗುವ ಕೆಲಸವನ್ನು ತೆರೇಸಾ ತಾನಾಗಿ ವಹಿಸಿಕೊಂಡಳು. ಸೊಂಟಪಟ್ಟಿ ಹಿಡಿದು ಹಿಂದೆ ನಡೆಯಬೇಕು. ಬೇಗ ನಡೆದರೆ ಬೀಳಿಸುತ್ತೀಯಾ ಎಂಬ ಗದರಿಕೆ, ನಿಧಾನವಾದರೆ ಕೈಬಿಟ್ಟೆಯಾ ಎಂಬ ಆಕ್ಷೇಪ. ಇಷ್ಟು ಚಿಕ್ಕವಳಿಗೆ ಈ ಕೆಲಸ ಹೇಗೆ ಬಂದೀತು ಎಂಬ ಗೊಣಗಾಟ ಬೇರೆ. ಒಂದು ದಿನ ಮೇಜಿನ ಮುಂದೆ ಅವರ ಬೆರಳುಗಳು ರೊಟ್ಟಿ ಮುರಿಯಲು ತಡಕಾಡುವುದನ್ನು ಅವಳು ಗಮನಿಸಿದಳು. ಅಂದಿನಿಂದ, ಯಾರೂ ಹೇಳದಿದ್ದರೂ, ರೊಟ್ಟಿಯನ್ನು ತುಂಡು ಮಾಡಿಟ್ಟು, ಒಮ್ಮೆ ನಕ್ಕು ಹೊರಡುವುದನ್ನು ರೂಢಿ ಮಾಡಿಕೊಂಡಳು. ಮುದುಕಿಯ ಮನಸ್ಸು ಕರಗಿದ್ದು ಆಗ.

ಈ ಪ್ರಸಂಗದಲ್ಲಿ ದರ್ಶನವಿಲ್ಲ, ಪವಾಡವಿಲ್ಲ. ತೆರೇಸಾಳಿಗೆ ಮೊದಲಿನಿಂದಲೂ ಆ ವೃದ್ಧೆಯ ಮೇಲೆ ಪ್ರೀತಿ ಉಕ್ಕಿ ಹರಿಯುತ್ತಿತ್ತು ಎಂದೂ ಅಲ್ಲ; ಆ ಕೆಲಸ ಎಷ್ಟು ಕಠಿಣವೆನಿಸಿತ್ತು ಎಂಬುದನ್ನು ಅವಳೇ ಬರೆದಿಟ್ಟಿದ್ದಾಳೆ. ಅವಳು ಮಾಡಿದ್ದು ಎದುರಿಗಿದ್ದವರ ಬೆರಳುಗಳನ್ನು ನೋಡಿದ್ದು. ಆರೈಕೆಯಲ್ಲಿ ಆತ್ಮಿಕ ಅರ್ಥ ಹುಡುಕುವವರಿಗೆ ಇದಕ್ಕಿಂತ ನೇರವಾದ ದಾರಿ ಇನ್ನೊಂದಿರಲಾರದು. ಗಮನವೇ ಅಲ್ಲಿ ಆರಾಧನೆ. ಅಪ್ಪ ಇವತ್ತು ಎಡಗೈ ಎತ್ತುತ್ತಿಲ್ಲ, ಅಮ್ಮನಿಗೆ ಬಿಸಿಗಿಂತ ಉಗುರುಬೆಚ್ಚಗಿನ ಗಂಜಿ ಇಷ್ಟ, ಹಳೆಯ ಕೀರ್ತನೆ ಹಾಕಿದರೆ ಮಾತು ಮರೆತ ತುಟಿಗಳು ಅಲುಗುತ್ತವೆ ಎಂದು ಗುರುತಿಸುವ ಕಣ್ಣಿಗೆ ಎದುರಿಗಿರುವುದು ರೋಗವೊಂದೇ ಆಗಿ ಉಳಿಯುವುದಿಲ್ಲ, ಮನುಷ್ಯ ಕಾಣಿಸುತ್ತಾನೆ.

ಹೆನ್ರಿ ನೌವೆನ್ ಎಂಬ ಡಚ್ ಪಾದ್ರಿಗೆ ಇದು ತಿಳಿದದ್ದು ಐವತ್ತು ದಾಟಿದ ಮೇಲೆ. ಯೇಲ್, ಹಾರ್ವರ್ಡ್ ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡಿದ, ಆಧ್ಯಾತ್ಮದ ಬಗ್ಗೆ ಹತ್ತಾರು ಪುಸ್ತಕ ಬರೆದ ನೌವೆನ್ 1986ರಲ್ಲಿ ಕೆನಡಾದ ಟೊರಾಂಟೊ ಬಳಿ ಡೇಬ್ರೇಕ್ ಎಂಬಲ್ಲಿಗೆ ಹೋಗಿ ನೆಲೆಸಿದರು. ಬುದ್ಧಿಮಾಂದ್ಯರೂ ಅವರ ನೆರವಿಗಿರುವವರೂ ಒಂದೇ ಸೂರಿನಡಿ ಬದುಕುವ ‘ಲಾರ್ಶ್’ ಸಮುದಾಯ ಅದು. ಅಲ್ಲಿ ಅವರಿಗೆ ಒಪ್ಪಿಸಿದ ಕೆಲಸ ಆ್ಯಡಮ್ ಎಂಬ ಯುವಕನದು. ಅವನಿಗೆ ಮಾತು ಬಾರದು, ಒಬ್ಬನೇ ನಡೆಯಲಾಗದು, ಆಗಾಗ ಮೂರ್ಛೆರೋಗ. ಬೆಳಗ್ಗೆ ಎಬ್ಬಿಸಿ, ಸ್ನಾನ ಮಾಡಿಸಿ, ಗಡ್ಡ ಹೆರೆದು, ಬಟ್ಟೆ ತೊಡಿಸಿ, ತಿಂಡಿ ತಿನ್ನಿಸುವಷ್ಟರಲ್ಲಿ ಸುಮಾರು ಎರಡು ಗಂಟೆ. ನೌವೆನ್‌ಗೆ ಮೊದಮೊದಲು ಭಯ. ಎಲ್ಲಿ ಕೈಜಾರಿ ಬೀಳಿಸುತ್ತೇನೋ ಎಂಬ ಆತಂಕ. ಅವರನ್ನು ನೋಡಲು ಬಂದ ಸ್ನೇಹಿತ, ಅವರೂ ಪಾದ್ರಿಯೇ, ಇದಕ್ಕಾಗಿ ವಿಶ್ವವಿದ್ಯಾಲಯ ಬಿಟ್ಟಿರಾ ಎಂದು ಕೇಳಿದರಂತೆ. ಈ ಎರಡು ಗಂಟೆಗಳಲ್ಲಿ ಹೆಚ್ಚು ಪಡೆಯುತ್ತಿರುವವನು ನಾನೇ ಎಂಬುದು ನೌವೆನ್ ಬರಹಗಳಲ್ಲಿ ಮತ್ತೆಮತ್ತೆ ಬರುವ ಮಾತು. ಆ್ಯಡಮ್ 1996ರ ಫೆಬ್ರುವರಿಯಲ್ಲಿ ತೀರಿಕೊಂಡ. ಅವನ ಬಗ್ಗೆ ಪುಸ್ತಕ ಬರೆಯುತ್ತಿದ್ದ ನೌವೆನ್ ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೋದರು. ಪುಸ್ತಕ ಮರುವರ್ಷ ಹೊರಬಂತು.

ಈ ಕತೆಯನ್ನು ಚರ್ಚುಗಳಲ್ಲಿ ಹೇಳುವವರು ಅದರ ಒಂದು ಭಾಗವನ್ನು ಬಿಟ್ಟುಬಿಡುವುದುಂಟು. ಡೇಬ್ರೇಕ್‌ಗೆ ಬಂದ ಮುಂದಿನ ವರ್ಷವೇ ನೌವೆನ್ ಮಾನಸಿಕವಾಗಿ ಕುಸಿದರು. ತಿಂಗಳುಗಟ್ಟಲೆ ಸಮುದಾಯದಿಂದ ದೂರ, ವಿನಿಪೆಗ್ ನಗರದಲ್ಲಿದ್ದು ಚೇತರಿಸಿಕೊಂಡರು. ಆ ಕಾಲದಲ್ಲಿ ಅವರನ್ನು ಬೇರೆಯವರು ನೋಡಿಕೊಂಡರು, ಆ್ಯಡಮ್‌ನನ್ನೂ ಬೇರೆಯವರು ನೋಡಿಕೊಂಡರು. ಸಮುದಾಯ ಇದ್ದುದರಿಂದ ಅದು ಸಾಧ್ಯವಾಯಿತು. ನಮ್ಮ ಸೊಸೆಗೆ, ಮಗಳಿಗೆ ವಿನಿಪೆಗ್ ಇಲ್ಲ.

ಲಾರ್ಶ್‌ಗೆ ಕರ್ನಾಟಕದ ನಂಟೂ ಇದೆ. ಭಾರತದಲ್ಲಿ ಅದರ ಮೊದಲ ಮನೆ 1970ರಲ್ಲಿ ಬೆಂಗಳೂರಿನಲ್ಲಿ, ಆಶಾ ನಿಕೇತನ ಎಂಬ ಹೆಸರಿನಲ್ಲಿ ಆರಂಭವಾಯಿತು. ಈ ಸಂಸ್ಥೆಯನ್ನು 1964ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಜೀನ್ ವಾನಿಯೆಯನ್ನು ಬದುಕಿರುವಾಗಲೇ ಜನ ಸಂತನಂತೆ ಕಂಡರು. ಅವನು ಸತ್ತ ಮೇಲೆ, 2020ರಲ್ಲಿ, ತನ್ನನ್ನು ನಂಬಿ ಬಂದ ಮಹಿಳೆಯರನ್ನು ಅವನು ಲೈಂಗಿಕವಾಗಿ ಶೋಷಿಸಿದ್ದನ್ನು ಸಂಸ್ಥೆಯೇ ಮಾಡಿಸಿದ ವಿಚಾರಣೆ ಹೊರಗೆಡವಿತು. 2023ರ ವಿವರವಾದ ವರದಿ ಕನಿಷ್ಠ 25 ಮಹಿಳೆಯರ ಬಗ್ಗೆ ಹೇಳಿತು. ಆರೈಕೆಯ ಸುತ್ತ ಪ್ರಭಾವಳಿ ಬರೆದುಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದು ನೋವಿನ ಸಾಕ್ಷಿ. ಸೇವೆ ಮಾಡುವವರನ್ನು ದೇವತೆಗಳ ಸಾಲಿಗೆ ಏರಿಸಿದಾಗ ಅವರನ್ನು ಪ್ರಶ್ನಿಸುವುದು ನಿಲ್ಲುತ್ತದೆ. ಅವರು ದಣಿದಿದ್ದಾರೆಯೇ ಎಂದು ಕೇಳುವುದೂ ನಿಲ್ಲುತ್ತದೆ. ಮನೆಯಲ್ಲಿ ಆರೈಕೆ ಮಾಡುವವರಿಗೆ ಎರಡನೆಯದು ಚೆನ್ನಾಗಿ ಗೊತ್ತು. ‘ನಿನ್ನದು ದೊಡ್ಡ ಮನಸ್ಸು’, ‘ನಿನಗೆ ಸ್ವರ್ಗ ಖಂಡಿತ’ ಎಂದು ಹೊಗಳಿದ ನೆಂಟರು ಕಾಫಿ ಕುಡಿದು ಹೊರಡುತ್ತಾರೆ; ಲೋಟ ತೊಳೆಯುವವಳೂ ಅವಳೇ.

ಅವಳು ಎಂದೇ ಹೇಳಬೇಕಾಗಿದೆ, ಯಾಕೆಂದರೆ ಲೆಕ್ಕ ಹಾಗಿದೆ. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವಯಸ್ಸಿನ ಹೆಂಗಸರಲ್ಲಿ ಶೇ 41 ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿರುತ್ತಾರೆ. ಗಂಡಸರಲ್ಲಿ ಶೇ 21.4. ತೊಡಗಿರುವ ಹೆಂಗಸರು ದಿನಕ್ಕೆ ಸುಮಾರು 140 ನಿಮಿಷ ಕೊಟ್ಟರೆ ಗಂಡಸರು ಕೊಡುವುದು 74 ನಿಮಿಷ. ಮಕ್ಕಳ ಪಾಲನೆಯೂ ಇದರಲ್ಲಿ ಸೇರಿದೆ, ನಿಜ. ಆದರೆ ಮುದುಕರ ವಿಷಯದಲ್ಲಿ ಭಾರ ಏರುತ್ತಲೇ ಹೋಗಲಿದೆ. 60 ದಾಟಿದ ಭಾರತೀಯರಲ್ಲಿ ಶೇ 7.4, ಅಂದರೆ ಸುಮಾರು 88 ಲಕ್ಷ ಮಂದಿಗೆ ಮರೆವಿನ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಮೆಕ್‌ವಿಲ್ಕಿನ್ ಹೆಂಡತಿಗಾಗಿ ಹುದ್ದೆ ಬಿಟ್ಟು ಮನೆಗೆ ಹೋದಾಗ ಜನ ಅಷ್ಟೊಂದು ಅಚ್ಚರಿಪಟ್ಟದ್ದು ಯಾಕೆಂದು ಮೊದಲು ಅವರಿಗೇ ತಿಳಿಯಲಿಲ್ಲವಂತೆ. ಕಾಯಿಲೆ ಬಿದ್ದ ಗಂಡನ ಜೊತೆ ಹೆಚ್ಚುಕಡಿಮೆ ಎಲ್ಲ ಹೆಂಡಂದಿರೂ ನಿಲ್ಲುತ್ತಾರೆ, ಹೆಂಡತಿಯ ಜೊತೆ ನಿಲ್ಲುವ ಗಂಡಂದಿರು ಬಹಳ ಕಡಿಮೆ ಎಂದು ಕ್ಯಾನ್ಸರ್ ತಜ್ಞರೊಬ್ಬರು ವಿವರಿಸಿದ ಮೇಲೆ ಅರ್ಥವಾಯಿತು. ಹೆಂಗಸು ಮಾಡಿದರೆ ಕರ್ತವ್ಯ, ಗಂಡಸು ಮಾಡಿದರೆ ಸಾಕ್ಷಿ ಎಂಬ ತಾರತಮ್ಯವನ್ನು ಕ್ರೈಸ್ತ ಸಭೆ ಇನ್ನೂ ಪ್ರಶ್ನಿಸಿಕೊಂಡಿಲ್ಲ.

ಬದಲಿಗೆ ಅದು ಕೈಗೆ ಸಿಕ್ಕ ಸಮಾಧಾನ ಹೇಳುತ್ತದೆ: ಇದು ದೇವರು ನಿನಗೆ ಕೊಟ್ಟ ಶಿಲುಬೆ, ತಾಳ್ಮೆಯಿಂದ ಹೊತ್ತುಕೋ. ಈ ಮಾತಿನಲ್ಲಿ ಸತ್ಯವೇ ಇಲ್ಲವೆಂದಲ್ಲ. ನೋವಿಗೆ ಅರ್ಥವಿದೆ ಎಂಬ ನಂಬಿಕೆ ಎಷ್ಟೋ ಮಂದಿಯನ್ನು ಎಷ್ಟೋ ರಾತ್ರಿ ದಾಟಿಸಿದೆ. ಆದರೆ ಹೊರೆ ಇಲ್ಲದವರು ಹೊತ್ತವರಿಗೆ ಹೇಳುವಾಗ ಅದು ಬಾಯಿ ಮುಚ್ಚಿಸುವ ಮಾತಾಗುತ್ತದೆ. ಆರೈಕೆ ಮಾಡುವವರ ಮನಸ್ಸಿನಲ್ಲಿ ‘ಇದು ಯಾವಾಗ ಮುಗಿಯುತ್ತದೋ’ ಎಂಬ ಯೋಚನೆ ಬಂದೇ ಬರುತ್ತದೆ. ಬಂದ ಮರುಕ್ಷಣ, ತಾಯಿಯ ಸಾವನ್ನು ಬಯಸಿದೆನಲ್ಲ ಎಂಬ ಪಾಪಪ್ರಜ್ಞೆ. ಅದನ್ನು ಪಾಪನಿವೇದನೆಯಲ್ಲಿ ಪಿಸುಗುಟ್ಟುತ್ತಾರೆಯೇ ಹೊರತು ಹೊರಗೆ ಆಡುವುದಿಲ್ಲ. ಬೈಬಲಿನಲ್ಲಿ 88ನೇ ಕೀರ್ತನೆ ಇದೆ. ಸಮಾಧಾನದ ಒಂದು ಸಾಲೂ ಇಲ್ಲದೆ ಕತ್ತಲಲ್ಲೇ ಮುಗಿಯುವ ಪ್ರಾರ್ಥನೆ. ದೇವರ ಮುಂದೆ ಹಾಗೂ ಕೂಗಬಹುದು, ಅದೂ ಭಕ್ತಿಯೇ ಎಂದು ಒಪ್ಪಿಕೊಂಡೇ ಹಿಂದಿನವರು ಅದನ್ನು ಪವಿತ್ರ ಗ್ರಂಥದಲ್ಲಿ ಉಳಿಸಿದರು. ಭಾನುವಾರದ ಪ್ರಸಂಗಗಳಲ್ಲಿ ಆ ಕೀರ್ತನೆಗೆ ಇನ್ನಷ್ಟು ಜಾಗ ಸಿಗಬೇಕು.

ಇನ್ನು ಶಿಲುಬೆಯ ವಿಷಯ. ಕಥೋಲಿಕ ಚರ್ಚುಗಳ ಒಳಗೋಡೆಯಲ್ಲಿ ಶಿಲುಬೆ ಹಾದಿಯ ಹದಿನಾಲ್ಕು ಚಿತ್ರಗಳಿರುತ್ತವೆ. ತಪಸ್ಸುಕಾಲದ ಶುಕ್ರವಾರಗಳಂದು ಜನ ಒಂದೊಂದರ ಮುಂದೂ ಮೊಣಕಾಲೂರುತ್ತಾರೆ. ಐದನೆಯ ಸ್ಥಳದಲ್ಲಿ ಕುರೇನೆ ಊರಿನ ಸೀಮೋನ ಶಿಲುಬೆಗೆ ಹೆಗಲು ಕೊಡುತ್ತಾನೆ. ಅವನು ಸ್ವಯಂಸೇವಕನಲ್ಲ, ಹಳ್ಳಿಯಿಂದ ಬರುತ್ತಿದ್ದ ದಾರಿಹೋಕನನ್ನು ಸಿಪಾಯಿಗಳು ಬಲವಂತದಿಂದ ಹಿಡಿದು ಹೊರಿಸಿದರು ಎಂದು ಮಾರ್ಕನು ಬರೆಯುತ್ತಾನೆ. ಆರೈಕೆಯ ಹೊಣೆ ಹೆಚ್ಚಿನವರ ಹೆಗಲೇರುವುದೂ ಹೀಗೆಯೇ. ಅಣ್ಣ ದುಬೈಯಲ್ಲಿ, ತಂಗಿಗೆ ಕೈಗೂಸು, ಉಳಿದವಳು ನೀನು. ಆದರೆ ಮುಖ್ಯವಾದದ್ದು ಬೇರೆ: ಕ್ರಿಸ್ತನೇ ತನ್ನ ಶಿಲುಬೆಯನ್ನು ಕೊನೆಯತನಕ ಒಬ್ಬನೇ ಹೊರಲಿಲ್ಲ. ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಶಿಷ್ಯರನ್ನು ಒಂದು ಗಂಟೆ ಎಚ್ಚರವಾಗಿರಿ ಎಂದು ಬೇಡಿಕೊಂಡದ್ದೂ ಅವನೇ. ನೆರವು ಕೇಳುವುದು ವಿಶ್ವಾಸ ಕಡಿಮೆಯಾದ ಲಕ್ಷಣವಾಗಿದ್ದರೆ ಈ ಎರಡೂ ಪ್ರಸಂಗಗಳು ಸುವಾರ್ತೆಯಲ್ಲಿ ಇರುತ್ತಿರಲಿಲ್ಲ.

ಶಿಲುಬೆಯ ಮೇಲಿನಿಂದ ಅವನು ಮಾಡಿದ ಇನ್ನೊಂದು ಕೆಲಸವನ್ನು ಯೋಹಾನನು ದಾಖಲಿಸಿದ್ದಾನೆ. ಸಾಯುವ ಹೊತ್ತಿನಲ್ಲಿ ತಾಯಿ ಮರಿಯಳನ್ನು ತನ್ನ ಪ್ರೀತಿಯ ಶಿಷ್ಯನಿಗೆ ಒಪ್ಪಿಸಿದ. ಶಿಷ್ಯ ಆಕೆಯನ್ನು ಮನೆಗೆ ಕರೆದುಕೊಂಡು ಹೋದ. ವಯಸ್ಸಾದ ತಾಯಿಯ ಆರೈಕೆಗೆ ಮಾಡಿದ ಏರ್ಪಾಡು ಅದು, ಅದೂ ಹೊಟ್ಟೆಯಲ್ಲಿ ಹುಟ್ಟದವನ ಕೈಗೆ. ಮುದುಕರ ಹೊಣೆ ರಕ್ತಸಂಬಂಧಿಗಳದಷ್ಟೇ ಅಲ್ಲ, ನಂಬಿಕೆಯಿಂದ ಒಂದಾದವರದೂ ಹೌದು ಎಂಬುದಕ್ಕೆ ಕ್ರೈಸ್ತರಿಗೆ ಇನ್ನೇನು ಆಧಾರ ಬೇಕು? ಫ್ರಾನ್ಸಿನ ಬ್ರಿಟನಿಯಲ್ಲಿ ಜೀನ್ ಜುಗನ್ ಎಂಬ ಬಡ ಹೆಂಗಸು 1839ರ ಚಳಿಗಾಲದಲ್ಲಿ ದೃಷ್ಟಿಯಿಲ್ಲದ ವಿಧವೆಯೊಬ್ಬರನ್ನು ತನ್ನ ಕೋಣೆಗೆ ಕರೆತಂದು, ಇದ್ದ ಒಂದು ಹಾಸಿಗೆಯನ್ನು ಬಿಟ್ಟುಕೊಟ್ಟು, ತಾನು ಅಟ್ಟದಲ್ಲಿ ಮಲಗಿದ್ದು ಇದೇ ನಂಬಿಕೆಯಿಂದ. ಅವಳು ಹುಟ್ಟುಹಾಕಿದ ‘ಲಿಟಲ್ ಸಿಸ್ಟರ್ಸ್ ಆಫ್ ದಿ ಪೂವರ್’ ಸಂಸ್ಥೆ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಇಂದಿಗೂ ವೃದ್ಧಾಶ್ರಮ ನಡೆಸುತ್ತಿದೆ. ಜುಗನ್‌ಳನ್ನು ಒಬ್ಬ ಪಾದ್ರಿ ನಾಯಕತ್ವದಿಂದ ಸರಿಸಿ ತಾನೇ ಸ್ಥಾಪಕನೆಂದು ಹೇಳಿಕೊಂಡ. ಕೊನೆಯ 27 ವರ್ಷ ಅವಳು ಯಾರೂ ಗುರುತಿಸದ ಸಾಮಾನ್ಯ ಸಿಸ್ಟರ್ ಆಗಿ ಬದುಕಿ 1879ರಲ್ಲಿ ತೀರಿಕೊಂಡಳು. ಸಂತ ಪದವಿ ಬಂದದ್ದು 2009ರಲ್ಲಿ.

ನಮ್ಮ ಕರಾವಳಿಗೆ ಈ ಪ್ರಶ್ನೆ ಇನ್ನೊಂದು ರೀತಿಯಲ್ಲೂ ಹತ್ತಿರದ್ದು. ಇಸ್ರೇಲಿನಲ್ಲಿರುವ ಭಾರತೀಯರು ಸುಮಾರು 18,000 ಎಂದು 2023ರ ಅಕ್ಟೋಬರಿನಲ್ಲಿ ಯುದ್ಧ ಶುರುವಾದಾಗ ಸುದ್ದಿಯಾಯಿತು. ಅವರಲ್ಲಿ ಬಹುಪಾಲು ಅಲ್ಲಿನ ಮುದುಕರನ್ನು ನೋಡಿಕೊಳ್ಳುವವರು, ಮಂಗಳೂರು, ಉಡುಪಿ ಕಡೆಯ ಕ್ರೈಸ್ತರೂ ಅವರಲ್ಲಿ ಬಹಳ. ಯೇಸು ನಡೆದಾಡಿದ ನೆಲದಲ್ಲಿ ಬೇರೆಯವರ ತಾಯಿಗೆ ಊಟ ಮಾಡಿಸುವ ಮಗಳ ತಾಯಿ ಇಲ್ಲಿ ಹಾಸಿಗೆ ಹಿಡಿದಿದ್ದರೆ ಅವರಿಗೆ ಊಟ ಮಾಡಿಸುವುದು ನಾದಿನಿಯೋ, ಸಂಬಳಕ್ಕೆ ಬಂದ ಇನ್ನೊಂದು ಊರಿನ ಹುಡುಗಿಯೋ. ಆ ಮನೆಗೆ ಬರುವ ಹಣ ಕಾಣುತ್ತದೆ. ಅದರ ಹಿಂದೆ ಎಷ್ಟು ಜನರ ಆರೈಕೆ ಒಬ್ಬರಿಂದೊಬ್ಬರಿಗೆ ದಾಟಿದೆ ಎಂಬುದು ಕಾಣುವುದಿಲ್ಲ.

ಹಾಗಾದರೆ ಸಭೆ ಮಾಡಬೇಕಾದದ್ದೇನು? ಹೊಸ ಸಂಸ್ಥೆ ಬೇಡ. ಕೇರಳದಲ್ಲಿ 1993ರಲ್ಲಿ ಕಲ್ಲಿಕೋಟೆಯಿಂದ ಶುರುವಾದ ಉಪಶಾಮಕ ಆರೈಕೆಯ ಚಳವಳಿ ಬೆಳೆದದ್ದು ಅಕ್ಕಪಕ್ಕದ ಮನೆಯವರಿಗೆ ತರಬೇತಿ ಕೊಟ್ಟು, ಅವರನ್ನೇ ರೋಗಿಗಳ ಮನೆಗೆ ಕಳಿಸುವ ಕ್ರಮದಿಂದ. ಅದಕ್ಕೆ ಬೇಕಾದ ಜಾಲ ಚರ್ಚುಗಳಲ್ಲಿ ಈಗಾಗಲೇ ಇದೆ. ಮಂಗಳೂರು ಕಡೆಯ ಧರ್ಮಕೇಂದ್ರಗಳಲ್ಲಿ ಪ್ರತಿ ವಾಡೆಗೆ, ಅಂದರೆ ವಾರ್ಡಿಗೆ, ಗುರ್ಕಾರನೆಂಬ ಮುಖ್ಯಸ್ಥ ಇರುತ್ತಾನೆ. ಯಾವ ಮನೆಯಲ್ಲಿ ಯಾರು ಮಲಗಿದ್ದಾರೆ ಎಂಬುದು ಅವನಿಗೆ ಗೊತ್ತು. ಬೆಂಗಳೂರು, ಮೈಸೂರಿನ ಸಭೆಗಳಲ್ಲಿ ಸ್ತ್ರೀಯರ ಕೂಟ, ಯುವಜನರ ಕೂಟ ಇವೆ. ರೋಗಿಗಳಿಗೆ ಪರಮಪ್ರಸಾದ ಒಯ್ಯುವವರ ಸರದಿ ಪಟ್ಟಿಯೂ ಇರುತ್ತದೆ. ಅವರು ಬಂದು, ಪ್ರಾರ್ಥಿಸಿ, ಹತ್ತು ನಿಮಿಷದಲ್ಲಿ ಮುಂದಿನ ಮನೆಗೆ ಹೋಗುತ್ತಾರೆ. ಅವರ ಜೊತೆ ಇನ್ನೊಬ್ಬರು ಬಂದು ಎರಡು ಗಂಟೆ ಕೂತರೆ ಮಗಳು ಬ್ಯಾಂಕಿಗೆ ಹೋಗಿ ಬರಬಹುದು, ತನ್ನದೇ ಬಿಪಿ ತೋರಿಸಿಕೊಳ್ಳಬಹುದು, ಅಥವಾ ಸುಮ್ಮನೆ ಬಾಗಿಲು ಹಾಕಿಕೊಂಡು ಮಲಗಬಹುದು. ಪೂಜೆಗೇ ಹೋಗಲಿ ಎಂದು ಷರತ್ತು ಹಾಕಬಾರದು.

ಹೀಗೆ ಹೋಗಿ ಕೂರುವವರಲ್ಲಿ ಮೊದಲ ಹೆಸರುಗಳು ಗಂಡಸರವಾಗಿರಲಿ. ಪವಿತ್ರ ಗುರುವಾರ ಪಾದ ತೊಳೆಯುವ ವಿಧಿಗೆ ಹನ್ನೆರಡು ಮಂದಿಯನ್ನು ಕೂರಿಸಿದಾಗ ಬಹುಕಾಲ ಅಲ್ಲಿ ಗಂಡಸರೇ ಇರುತ್ತಿದ್ದರು. ಹೆಂಗಸರನ್ನೂ ಸೇರಿಸಬಹುದೆಂದು ಪೋಪ್ ಫ್ರಾನ್ಸಿಸ್ ನಿಯಮ ಬದಲಿಸಿದ್ದು 2016ರಲ್ಲಿ. ತೊಳೆಸಿಕೊಳ್ಳುವ ಸಾಲಿನಲ್ಲಿ ಹೆಂಗಸರಿಗೆ ಜಾಗ ಸಿಕ್ಕಿತು. ಮನೆಯೊಳಗೆ ತೊಳೆಯುವ ಸಾಲಿಗೆ ಗಂಡಸರು ಬರಬೇಕಾಗಿದೆ. ಮಗ್ಗುಲು ಬದಲಿಸುವುದು, ಹಾಸಿಗೆಯಲ್ಲೇ ಮೈ ಒರೆಸುವುದು, ನಳಿಕೆಯಲ್ಲಿ ಆಹಾರ ಬಿಡುವುದು ಒಂದೆರಡು ಶನಿವಾರದಲ್ಲಿ ಕಲಿಯಬಹುದಾದ ಕೆಲಸಗಳು. ಕಲಿಸಲು ಪ್ರತಿ ಸಭೆಯಲ್ಲೂ ಕೆಲಸದಲ್ಲಿರುವ ಅಥವಾ ನಿವೃತ್ತರಾದ ನರ್ಸ್‌ಗಳಿದ್ದಾರೆ. ಚರ್ಚಿನ ಕಚೇರಿಯಲ್ಲಿರುವ ಹಾಸಿಗೆ ಹಿಡಿದವರ ಪಟ್ಟಿಯಲ್ಲಿ ಪ್ರತಿ ಹೆಸರಿನ ಎದುರು, ನೋಡಿಕೊಳ್ಳುತ್ತಿರುವವರ ಹೆಸರನ್ನೂ ಫೋನ್ ನಂಬರನ್ನೂ ಬರೆಯಲಿ. ಈ ವಾರ ಅವರಿಗೆ ಯಾವ ಎರಡು ಗಂಟೆ ಬೇಕು ಎಂದು ಗುರುಗಳೋ ಸಭಾಪಾಲಕರೋ ತಾವೇ ಕರೆ ಮಾಡಿ ಕೇಳಲಿ.